ಅರಸೀಕೆರೆಯಲ್ಲೊಂದು ಕಿರುಗಡಲು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನವನ್ನು ಕೆಳಗಿನಿಂದ ಮೇಲಕ್ಕೆ ಸಾವಧಾನವಾಗಿ ನೋಡುತ್ತ ಬರುವವರಿಗೆ, ಆನೆಗಳ ಸಾಲು, ಸಿಂಹಗಳ ಸಾಲು, ಲತಾಪಟ್ಟಿಕೆ, ಅಶ್ವಾರೋಹಿಗಳ ಸಾಲು, ಪುರಾಣಕಥೆಗಳನ್ನು ಹೊತ್ತ ಪಟ್ಟಿಕೆ ಇವೆಲ್ಲ ಕಳೆದ ಮೇಲೆ, ಹಂಸಪಂಕ್ತಿಯ ಕೆಳಗೆ, ಮಕರಗಳ ಸಾಲೊಂದು ಕಾಣಸಿಗುತ್ತದೆ. ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಪಾದ, ನವಿಲಿನ ಬಾಲ ಇವನ್ನು ಒಂದೇ ಶರೀರದಲ್ಲಿ ಕೂಡಿಸಿಕೊಂಡಿರುವ ಈ ಜಲಚರವು ವರುಣನ ವಾಹನ. ಘಟ್ಟದ ಮೇಲೆ, ಕಡಲಿಗೆ ಹಲವು ದಿನಗಳ ಕಾಲ್ನಡಿಗೆಯ ದೂರದಲ್ಲಿ, ಬಳಪದ ಕಲ್ಲಿನ ಮೇಲೆ ಉಳಿಯಿಟ್ಟು ಕುಳಿತ ಹನ್ನೆರಡನೆಯ ಶತಮಾನದ ಶಿಲ್ಪಿಗಳು ಸಮುದ್ರದ ಜೀವವನ್ನು ಹೀಗೆ ಕಲ್ಪಿಸಿಕೊಂಡು, ಒಂದರ ಹಿಂದೊಂದನ್ನು, ಒಂದರಂತೆ ಇನ್ನೊಂದಿಲ್ಲದ ಹಾಗೆ, ಗುಡಿಯ ಸುತ್ತಲೂ ಹರಿಯಬಿಟ್ಟರು. ಒಳನಾಡಿನವರಿಗೆ ಕಡಲಿನಲ್ಲಿರುವ ಆಸಕ್ತಿ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಅವರು ಕಲ್ಲಿನಲ್ಲಿ ಮಾಡಿದ್ದನ್ನು ಗಾಜಿನ ಪೆಟ್ಟಿಗೆಯೊಂದರಲ್ಲಿ ಉಪ್ಪುನೀರು ತುಂಬಿ ಸಜೀವವಾಗಿ ಮಾಡಿಕೊಳ್ಳುವ ಸೌಲಭ್ಯ ನಮ್ಮ ಕಾಲಕ್ಕೆ ಒದಗಿಬಂದಿದೆ. ನಾನು ಯೌವನದಲ್ಲಿ ಬೆಂಗಳೂರಿನಲ್ಲಿದ್ದಾಗ ಈ ಹವ್ಯಾಸವನ್ನು ಕೆಲವು ಕಾಲ ನಡೆಸಿ, ಅಧ್ಯಾಪಕವೃತ್ತಿಯು ಊರಿಂದೂರಿಗೆ ಕರೆದೊಯ್ಯತೊಡಗಿದಾಗ ಬಿಟ್ಟು, ಈಗ ಅರಸೀಕೆರೆಯಲ್ಲಿ ನೆಲೆನಿಂತ ಮೇಲೆ ಮತ್ತೆ ಅದಕ್ಕೆ ಮರಳಿದ್ದೇನೆ. ಆದರೆ ಮರಳಿರುವುದು ಹಿಂದಿನ ಪ್ರಮಾಣದಲ್ಲಿ ಅಲ್ಲ. ಅಂದು ದೊಡ್ಡ ತೊಟ್ಟಿ, ಅದರ ಕೆಳಗೊಂದು ಅಡಿತೊಟ್ಟಿ, ನೊರೆಯೆಬ್ಬಿಸಿ ಕಲ್ಮಷ ತೆಗೆಯುವ ಯಂತ್ರ, ನೀರು ತಣಿಸುವ ಯಂತ್ರ, ಇವುಗಳ ಗುಂಯ್‌ಗುಡುವಿಕೆ ಎಲ್ಲ ಇದ್ದವು. ಇಂದು ಇರುವುದು ಎರಡು ಅಡಿ ಉದ್ದದ, ಒಂದೂಕಾಲು ಅಡಿ ಅಗಲ ಎತ್ತರಗಳ ಒಂದು ಗಾಜಿನ ತೊಟ್ಟಿ. ಅದರಲ್ಲಿ ಮರಳು, ಏಳೆಂಟು ಕಿಲೋ ಕಲ್ಲು, ಅವು ಬಿಟ್ಟುಕೊಟ್ಟ ಜಾಗದಲ್ಲಿ ಸುಮಾರು 70 ಲೀಟರ್ ನೀರು. ಮೇಲೆ ಒಂದು ದೀಪ, ಒಳಗೆ ನೀರು ಕಲಕುವ ಒಂದು ಪುಟ್ಟ ಪಂಪು. ಹವಳದ ದಿಬ್ಬದ ಒಂದು ಮೂಲೆಯನ್ನು ಮನೆಯಲ್ಲಿ ಬದುಕಿಸಿಕೊಳ್ಳುವುದಕ್ಕೆ ಇಷ್ಟು ಸಾಕೆಂದೂ, ಇದಕ್ಕಿಂತ ಹೆಚ್ಚಿಗೆ ಕೈಯಿಕ್ಕದಿರುವುದೇ ಈ ವಿದ್ಯೆಯ ಬಹುಪಾಲೆಂದೂ ನಾನು ನಂಬಿದ್ದೇನೆ.

ತೊಟ್ಟಿಯನ್ನು ಹೂಡಿದ ಸುದ್ದಿ ಬೀದಿಗೆ ತಿಳಿದ ಮೇಲೆ, ಕೊಬ್ಬರಿ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡ ನೆರೆಮನೆಯ ಹಿರಿಯರು ಬಂದು, ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ಅಲ್ಲ ಮೇಷ್ಟ್ರೇ, ಕೆರೆ ಬತ್ತೋ ಊರಲ್ಲಿ ನೀವು ಸಮುದ್ರ ಸಾಕ್ತೀನಿ ಅಂತೀರಲ್ಲ, ಅದಕ್ಕೆ ನೀರು ಎಲ್ಲಿಂದ ತರ್ತೀರಿ?” ಎಂದು ಕೇಳಿದರು. ಅದು ಕುತೂಹಲದ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆ. ಮಲೆನಾಡಿನ ಮಳೆಯ ನೆರಳಿನಲ್ಲಿರುವ, ಬೇಸಗೆಯಲ್ಲಿ ಕೊಳವೆ ಬಾವಿಗಳು ಕೈಕೊಡುವ ಈ ತಾಲ್ಲೂಕಿನಲ್ಲಿ ವಿನೋದಕ್ಕಾಗಿ ನೀರು ಬಳಸುವವನು ಲೆಕ್ಕ ಒಪ್ಪಿಸಬೇಕಾದುದು ಧರ್ಮ. ಆದುದರಿಂದ ಲೆಕ್ಕವನ್ನೇ ಮೊದಲು ಹೇಳುತ್ತೇನೆ.

ನಮ್ಮ ಕೊಳವೆ ಬಾವಿಯ ನೀರು ಬಹು ಗಡುಸು. ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುವ ಆ ನೀರನ್ನು ಹವಳದ ತೊಟ್ಟಿಗೆ ನೇರವಾಗಿ ಹಾಕಲಾಗದು. ಅದರಲ್ಲಿ ಕರಗಿರುವ ನೈಟ್ರೇಟು, ಸಿಲಿಕೇಟು ಮೊದಲಾದವು ಪಾಚಿಗೆ ಆಹಾರವಾಗುತ್ತವೆ. ಕುಡಿಯುವ ನೀರಿಗೆ ಇಂದು ಮನೆಮನೆಯಲ್ಲೂ ಇರುವ ಆರ್.ಒ. ಯಂತ್ರದಿಂದ ಅದನ್ನು ಹಾಯಿಸಿ, ಬಳಿಕ ಉಳಿದ ಲವಣವನ್ನು ಹೀರುವ ರಾಳದ ಕೊಳವೆಯೊಂದರ ಮೂಲಕ ಇಳಿಸಿದರೆ ಬಹುಮಟ್ಟಿಗೆ ಪರಿಶುದ್ಧವಾದ ನೀರು ದೊರೆಯುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ಹತ್ತನೆಯ ಒಂದು ಭಾಗವನ್ನು, ಎಂದರೆ 7 ಲೀಟರನ್ನು ಬದಲಾಯಿಸಬೇಕು. ದಿನಕ್ಕೆ ಸುಮಾರು ಒಂದು ಲೀಟರು ಆವಿಯಾಗಿ ಹೋಗುವುದನ್ನು ತುಂಬಬೇಕು. ಹೀಗೆ ವಾರಕ್ಕೆ 14 ಲೀಟರು ಶುದ್ಧಜಲ ಬೇಕು; ಅಷ್ಟನ್ನು ಕೊಡುವಾಗ ಯಂತ್ರವು ಅದರ ಮೂರು ಪಾಲಿನಷ್ಟನ್ನು ಹೊರಕ್ಕೆ ಬಿಡುತ್ತದೆ. ಒಟ್ಟು 56 ಲೀಟರ್. ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ಮನುಷ್ಯನ ಒಂದು ದಿನದ ಅಗತ್ಯವೆಂದು ಗೊತ್ತುಮಾಡಿರುವುದು 55 ಲೀಟರ್. ಎಂದರೆ ಈ ಕಡಲು ನನ್ನ ಮನೆಯಲ್ಲಿ ವಾರಕ್ಕೊಂದು ದಿನ ಬಂದುಹೋಗುವ ಅತಿಥಿಯ ಪಾಲಿನ ನೀರನ್ನು ಬೇಡುತ್ತದೆ. ಅದರಲ್ಲಿಯೂ ಯಂತ್ರ ಹೊರಬಿಟ್ಟ ನೀರು ಚರಂಡಿಗೆ ಹೋಗದೆ ನೆಲ ತೊಳೆಯುವುದಕ್ಕೂ ಹಿತ್ತಲಿನ ತೆಂಗಿನ ಪಾತಿಗೂ ಸಲ್ಲುತ್ತದೆ. ತೆಂಗು ಕ್ಲೋರೈಡನ್ನು ಬಯಸುವ ಮರ. ಸಸಿ ನೆಡುವಾಗ ಗುಂಡಿಗೆ ಉಪ್ಪು ಹಾಕುವ ನಮ್ಮ ರೈತರ ಪದ್ಧತಿ ಆಧಾರವಿಲ್ಲದ್ದಲ್ಲ. ತೊಟ್ಟಿಯಿಂದ ತೆಗೆದ ಉಪ್ಪುನೀರಿನ ಮಾತು ಬೇರೆ. ಅದನ್ನು ಹೂವಿನ ಗಿಡಕ್ಕೂ ತರಕಾರಿಯ ಮಡಿಗೂ ಸರ್ವಥಾ ಸೋಕಿಸಬಾರದು. ಹಿರಿಯರು ಈ ಲೆಕ್ಕವನ್ನು ಕೇಳಿ, ತಲೆದೂಗಿ, ಬೇಸಗೆಯಲ್ಲಿ ಆವಿ ಇಮ್ಮಡಿಯಾದೀತೆಂಬುದನ್ನು ತಾವೇ ಹೇಳಿದರು. ಅದು ನಿಜ, ಅದಕ್ಕೆ ಮುಂದೆ ಬರುತ್ತೇನೆ.

ಕಡಲಿನಿಂದ ದೂರದಲ್ಲಿ ಹವಳವನ್ನು ಬದುಕಿಸುವ ಯತ್ನ ಹೊಸತಲ್ಲ. 1846ರಲ್ಲಿ ಇಂಗ್ಲೆಂಡಿನ ಆ್ಯನಾ ಥಿನ್ ಎಂಬ ಮಹಿಳೆ ಟಾರ್ಕಿ ಎಂಬ ಕಡಲತಡಿಯ ಊರಿನಲ್ಲಿ ಕಲ್ಲುಹವಳದ ಕೆಲವು ಜೀವಿಗಳನ್ನು ಕಂಡು ಮನಸೋತು, ಅವನ್ನು ಜಾಡಿಯೊಂದರಲ್ಲಿಟ್ಟು ಲಂಡನ್ ನಗರಕ್ಕೆ ತಂದಳು. ಆಕೆಯ ಪತಿ ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದ ಪಾದ್ರಿವರ್ಗಕ್ಕೆ ಸೇರಿದವರು. ಆ ದೇವಾಲಯದ ಮಗ್ಗುಲಿನ ಮನೆಯಲ್ಲಿ, ಸಮುದ್ರದ ಗಾಳಿಯೂ ಸುಳಿಯದೆಡೆಯಲ್ಲಿ, ಆ ಹವಳಗಳು ಬದುಕಿದುದಲ್ಲದೆ ಸಂತಾನವನ್ನೂ ಪಡೆದವು. ನೀರಿಗೆ ಪ್ರಾಣವಾಯು ಬೆರೆಯಲೆಂದು, ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಆ ನೀರನ್ನು ಎತ್ತಿ ಹುಯ್ಯುವ ಕೆಲಸವನ್ನು ಮನೆಯ ದಾಸಿಯೊಬ್ಬಳು ದಿನವೂ ಮಾಡುತ್ತಿದ್ದಳು. ಮರುವರ್ಷ ಕಡಲಪಾಚಿಯನ್ನು ತಂದು ಸೇರಿಸಿದ ಮೇಲೆ ಪಾಚಿಯು ಬಿಡುವ ಪ್ರಾಣವಾಯುವಿನಿಂದ ಪ್ರಾಣಿಗಳೂ, ಪ್ರಾಣಿಗಳ ಮಲಾಂಶದಿಂದ ಪಾಚಿಯೂ ಪೋಷಣೆ ಪಡೆಯತೊಡಗಿದವು. ಈ ಪರಸ್ಪರ ಪೋಷಣೆಯೇ ಇಂದಿನವರೆಗೂ ಈ ವಿದ್ಯೆಯ ಮೂಲಾಧಾರ. ಆಕೆಯ ಬರಹ ಅಚ್ಚಾದದ್ದು 1859ರಲ್ಲಿ. ಅಷ್ಟರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞರು 1854ರಲ್ಲಿ ಬರೆದ ಪುಸ್ತಕದಿಂದ ಈ ಗೀಳು ಆ ದೇಶದಲ್ಲೆಲ್ಲ ಹಬ್ಬಿ, ಕೀರ್ತಿಯೆಲ್ಲ ಅವರ ಪಾಲಾಗಿತ್ತು. ಆ ಹೆಂಗಸಿನ ಹೆಸರನ್ನೂ, ಹೆಸರೇ ಉಳಿಯದ ಆ ದಾಸಿಯ ಕೈಗಳನ್ನೂ ನಾವು ನೆನೆಯಬೇಕಾದುದು ಋಣಸಂದಾಯದ ಮಾತು.

ಗಾಸ್ ಅವರ ಪುಸ್ತಕದ ಫಲ ಒಂದೇ ಬಗೆಯದಾಗಿರಲಿಲ್ಲ. ಜನ ಬುಟ್ಟಿ ಜಾಡಿಗಳನ್ನು ಹಿಡಿದು ಕಡಲತಡಿಗೆ ಧಾವಿಸಿ, ಬಂಡೆಗಳ ನಡುವಣ ಹೊಂಡಗಳಲ್ಲಿ ಯುಗಯುಗಗಳಿಂದ ನೆಲಸಿದ್ದ ಜೀವರಾಶಿಯನ್ನು ಬರಿದುಮಾಡಿದರು. ಗಾಸ್ ಅವರ ಮಗ ಎಡ್ಮಂಡ್, 1907ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯಲ್ಲಿ, ತಂದೆಯ ಗ್ರಂಥಗಳೇ ಈ ಲೂಟಿಗೆ ದಾರಿಯಾದುದನ್ನು ನೆನೆದು ದುಃಖಿಸಿದ್ದಾರೆ. ಒಂದನ್ನು ಪ್ರೀತಿಸುವವನು ಅದನ್ನು ಮನೆಗೆ ತರಲು ಹೋಗಿ ಅದರ ಮನೆಯನ್ನೇ ಹಾಳುಮಾಡುವ ಈ ಅಪಾಯ ಇಂದಿಗೂ ಹೋಗಿಲ್ಲವಾದ್ದರಿಂದ, ಮರಳಿ ಬರುವ ಹವ್ಯಾಸಿಯು ತೊಟ್ಟಿಯ ಬೆಲೆಯನ್ನು ವಿಚಾರಿಸುವ ಮೊದಲು ಕಾನೂನನ್ನು ಓದಬೇಕೆನ್ನುವುದು ನನ್ನ ಖಚಿತ ಅಭಿಪ್ರಾಯ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಒಂದನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವೂ, ಕಪ್ಪುಹವಳ, ಬೆಂಕಿಹವಳ, ಕಡಲಬೀಸಣಿಗೆ, ಕೊಳಲಿನ ಗುಂಪಿನಾಕಾರದ ಕೆಂಪುಹವಳ ಇವೂ ಸೇರಿದವು. ಸಮುದ್ರಕುದುರೆಗೂ ಕಡಲಸೌತೆಗೂ ದೊಡ್ಡ ಜಾತಿಯ ಕೆಲವು ಕಪ್ಪೆಚಿಪ್ಪುಗಳಿಗೂ ಅದೇ ರಕ್ಷೆ ದೊರೆಯಿತು. ಹುಲಿಗೆ ಇರುವ ಮರ್ಯಾದೆಯೇ ಇವುಗಳಿಗೂ ಆಗ ಸಿಕ್ಕಿತು. ಸತ್ತ ಹವಳದ ಕಲ್ಲನ್ನು ಕಡಲಿನಿಂದ ಎತ್ತಿತರುವುದೂ ಅಪರಾಧ. 2022ರ ತಿದ್ದುಪಡಿಯು ಹೊರದೇಶಗಳಿಂದ ಬರುವ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂಬ ವಿಧಿಯನ್ನೂ ತಂದಿದೆ. ಇದನ್ನೆಲ್ಲ ಅಡಚಣೆಯೆಂದು ಗೊಣಗುವವರನ್ನು ನಾನು ಕಂಡಿದ್ದೇನೆ. ನನಗೆ ಇದು ಹವ್ಯಾಸವನ್ನು ಶುದ್ಧಿಗೊಳಿಸುವ ಕಟ್ಟಳೆಯೆಂದೇ ತೋರುತ್ತದೆ. ಕಲ್ಲುಹವಳವನ್ನು ಬಿಟ್ಟರೂ ಆ ಅನುಸೂಚಿಗೆ ಸೇರದ ಮೃದುಹವಳಗಳೂ, ಅಣಬೆಯಾಕಾರದವೂ, ಗುಂಡಿಗಳನ್ನು ಹರಡಿದ ಹಾಸಿನಂತೆ ಬೆಳೆಯುವ ಜೊಯಾಂತಿಡ್‌ಗಳೂ ಇವೆ. ಒಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದು ತುಂಡಾಗಿ ಇನ್ನೊಬ್ಬನ ಕೈಸೇರುವ ಇವು ಸಮುದ್ರದಿಂದ ಹೊಸದಾಗಿ ಏನನ್ನೂ ಕೀಳುವುದಿಲ್ಲ. ಮೊದಲಿಗನಿಗೂ ಮರಳಿ ಬಂದವನಿಗೂ ಸುಲಭಸಾಧ್ಯವಾದವೂ ಇವೇ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ: ಜೊಯಾಂತಿಡ್‌ಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರವಾದ ವಿಷವನ್ನು ಧರಿಸಿರುತ್ತವೆ. ಅವನ್ನು ಮುಟ್ಟುವಾಗ ಕೈಗವಸೂ ಕನ್ನಡಕವೂ ಇರಬೇಕು; ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದಂತೂ ಎಂದಿಗೂ ಕೂಡದು.

ಸರಳ ಪದ್ಧತಿಯ ಮಾತಿಗೆ ಬಂದರೆ, ಅದರ ಗುರುಸ್ಥಾನದಲ್ಲಿ ನಿಲ್ಲತಕ್ಕವರು ಇಂಡೊನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್. ಯೂರೋಪು ಅಮೆರಿಕಗಳ ಹವ್ಯಾಸಿಗಳು ಬಿಳಿಚಿದ ಹವಳದ ಅಸ್ಥಿಗಳನ್ನು ಜೋಡಿಸಿ, ಜಲ್ಲಿಯ ಕೆಳಗೆ ಸೋಸುಪಟ್ಟಿಗಳನ್ನಿಟ್ಟು, ತೊಟ್ಟಿಯನ್ನು ಆಸ್ಪತ್ರೆಯಷ್ಟು ನಿರ್ಜೀವವಾಗಿ ಇಡುತ್ತಿದ್ದ ಕಾಲದಲ್ಲಿ, ಸೂಕ್ಷ್ಮಜೀವಿಗಳಿಂದ ತುಂಬಿದ ಕಲ್ಲು, ಕಡಲನೀರು, ಬೆಳಕು, ಗಾಳಿಯ ಕೆಲವು ಗುಳ್ಳೆಗಳು ಇಷ್ಟರಿಂದಲೇ ಹವಳವೂ ಮೀನೂ ಬಾಳಬಲ್ಲವೆಂದು ತೋರಿಸಿ, 1961ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು. ಕಲ್ಲೇ ಶೋಧಕವೆಂಬ ಅವರ ತತ್ತ್ವವೇ ಮುಂದೆ ಬೇರೆ ಬೇರೆ ಹೆಸರುಗಳಲ್ಲಿ ಲೋಕಪ್ರಸಿದ್ಧವಾಯಿತು.

ಕಡಲಿನ ಕಲ್ಲನ್ನು ತರಲಾಗದ ನಾವು ಒಣಗಿದ, ಮಾನವನಿರ್ಮಿತವಾದ ರಂಧ್ರಮಯ ಕಲ್ಲನ್ನೇ ಬಳಸಿ, ಅದರಲ್ಲಿ ಜೀವ ತುಂಬುವವರೆಗೆ ಕಾಯಬೇಕು. ಈ ಕಾಯುವಿಕೆಯ ಸ್ವರೂಪವನ್ನು ತುಸು ವಿವರಿಸಬೇಕಾಗಿದೆ. ಏಕೆಂದರೆ ಎಷ್ಟೋ ತೊಟ್ಟಿಗಳು ಕೆಡುವುದು ಇಲ್ಲಿಯೇ. ಲೀಟರಿಗೆ ಸುಮಾರು 35 ಗ್ರಾಂ ಲವಣಮಿಶ್ರಣವನ್ನು ಶುದ್ಧಜಲದಲ್ಲಿ ಕರಗಿಸಿ, ಸಾಪೇಕ್ಷ ಸಾಂದ್ರತೆ 1.025ಕ್ಕೆ ಬರುವಂತೆ ಮಾಡಿ, ತೊಟ್ಟಿಗೆ ತುಂಬಿದ ದಿನ ನೋಟಕ್ಕೆ ಅದು ಕಡಲೇ. ಆದರೆ ಅದರಲ್ಲಿ ಒಂದು ಮೀನನ್ನು ಬಿಟ್ಟರೆ ಅದು ತನ್ನದೇ ಮಲದ ಅಮೋನಿಯಕ್ಕೆ ಬಲಿಯಾಗುತ್ತದೆ. ಅಮೋನಿಯವನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಕಲ್ಲಿನ ರಂಧ್ರಗಳಲ್ಲಿ ಮನೆಮಾಡಬೇಕು. ಈ ಜೀವಿಗಳ ವ್ಯಾಪಾರವನ್ನು 1890ರ ಸುಮಾರಿಗೆ ಬೆಳಕಿಗೆ ತಂದವರು ರಷ್ಯದ ವಿಜ್ಞಾನಿ ವಿನೋಗ್ರಾಡ್‌ಸ್ಕಿ. ಹೊಲದ ಮಣ್ಣಿನಲ್ಲಿ ಗೊಬ್ಬರವನ್ನು ಬೆಳೆಗೆ ಒದಗಿಸುವ ಕ್ರಿಯೆಯೂ ಇದೇ. ನೀರಿಗೆ ಅಲ್ಪ ಪ್ರಮಾಣದ ಅಮೋನಿಯ ಲವಣವನ್ನು ಹಾಕಿ, ಪರೀಕ್ಷಾದ್ರವದ ಬಣ್ಣವನ್ನು ನೋಡುತ್ತ, ಅಮೋನಿಯವು ಏರಿ ಇಳಿಯುವುದನ್ನೂ, ಅನಂತರ ನೈಟ್ರೈಟು ಏರಿ ಇಳಿಯುವುದನ್ನೂ ಕಂಡು, ಎರಡೂ ಸೊನ್ನೆಗೆ ಬಂದ ಬಳಿಕವೇ ಪ್ರಾಣಿಗೆ ಪ್ರವೇಶ. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಮೇಲೂ ಕೆಲವು ತಿಂಗಳು ಮರಳಿನ ಮೇಲೆ ಕಂದು ಧೂಳು, ಕಲ್ಲಿನ ಮೇಲೆ ಹಸಿರು ಕೂದಲು ಬಂದು ತೊಟ್ಟಿ ಕುರೂಪವಾಗುತ್ತದೆ. ಔಷಧ ಹುಯ್ಯದೆ, ಎಲ್ಲವನ್ನೂ ಕಿತ್ತು ತೊಳೆಯದೆ, ಸನ್ಯಾಸಿ ಏಡಿಗಳನ್ನು ಮೇಯಲು ಬಿಟ್ಟು, ನೀರನ್ನು ವಾರವಾರವೂ ಬದಲಾಯಿಸುತ್ತ ಸಹಿಸಿಕೊಂಡವರಿಗೆ, ಒಂದು ಬೆಳಗ್ಗೆ ಕಲ್ಲಿನ ನೆರಳುಭಾಗದಲ್ಲಿ ನೇರಿಳೆಗೆಂಪಿನ ಸಣ್ಣ ಚುಕ್ಕೆಗಳು ಕಾಣಿಸುತ್ತವೆ. ಸುಣ್ಣವನ್ನು ಕಟ್ಟಿಕೊಳ್ಳುವ ಆ ಪಾಚಿ ಕಾಣಿಸಿತೆಂದರೆ ತೊಟ್ಟಿಗೆ ಒಂದು ಹದ ಬಂದಿತೆಂದು ತಿಳಿಯಬಹುದು.

ಸುಣ್ಣದ ಮಾತು ಬಂದುದರಿಂದ ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ರಸಾಯನ ಇದು. ಕಲ್ಲುಹವಳಗಳೂ, ಶಂಖಗಳೂ, ಈ ನೇರಿಳೆ ಪಾಚಿಯೂ ನೀರಿನಲ್ಲಿ ಕರಗಿದ ಕ್ಯಾಲ್ಸಿಯವನ್ನೂ ಬೈಕಾರ್ಬೋನೇಟನ್ನೂ ಹೀರಿ ಸುಣ್ಣಕಲ್ಲಾಗಿ ಮಾಡಿಕೊಳ್ಳುತ್ತವೆ. ಕಡಲಿನ ನೀರಿನಲ್ಲಿ ಲೀಟರಿಗೆ 410 ಮಿಲಿಗ್ರಾಂ ಸುಮಾರಿನಲ್ಲಿರುವ ಕ್ಯಾಲ್ಸಿಯವು ಸಣ್ಣ ತೊಟ್ಟಿಯಲ್ಲಿ ಹೀಗೆ ಕ್ರಮೇಣ ಕುಂದುತ್ತದೆ. 1970ರ ದಶಕದಲ್ಲಿ ಯೂರೋಪಿನ ಪೀಟರ್ ವಿಲ್ಕೆನ್ಸ್ ಇದಕ್ಕೆ ಕಂಡುಕೊಂಡ ಪರಿಹಾರವು ನಮ್ಮ ಅಜ್ಜಿಯಂದಿರಿಗೆ ಚಿರಪರಿಚಿತವಾದ ಸುಣ್ಣದ ತಿಳಿನೀರೇ. ಒಂದು ಲೀಟರ್ ಶುದ್ಧಜಲದಲ್ಲಿ ಒಂದೂವರೆ ಗ್ರಾಂನಷ್ಟು ಸುಣ್ಣ ಕರಗುತ್ತದೆ. ಉಳಿದದ್ದು ತಳಕ್ಕೆ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಮಾತ್ರ, ರಾತ್ರಿಯ ಹೊತ್ತು, ಆವಿಯಾದ ನೀರಿಗೆ ಬದಲಾಗಿ ತೊಟ್ಟುತೊಟ್ಟಾಗಿ ಬೀಳಿಸಿದರೆ, ಹವಳವು ಯಾವ ಪ್ರಮಾಣದಲ್ಲಿ ಕ್ಯಾಲ್ಸಿಯವನ್ನೂ ಕ್ಷಾರಾಂಶವನ್ನೂ ಬಳಸಿಕೊಳ್ಳುವುದೋ ಅದೇ ಪ್ರಮಾಣದಲ್ಲಿ ಎರಡೂ ಹಿಂದಿರುಗುತ್ತವೆ. ಅತಿ ತೀಕ್ಷ್ಣವಾದ ಕ್ಷಾರವಾದ್ದರಿಂದ ಒಮ್ಮೆಗೇ ಸುರಿದರೆ ಸರ್ವನಾಶ. ವೀಳ್ಯದ ಪೆಟ್ಟಿಗೆಯ ಸುಣ್ಣದಲ್ಲಿ ಬೇರೆ ಪದಾರ್ಥಗಳು ಬೆರೆತಿರಬಹುದಾದ್ದರಿಂದ ಅದನ್ನು ಬಳಸದೆ, ಶುದ್ಧೀಕರಿಸಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ ತರಬೇಕು. ಮೃದುಹವಳಗಳೇ ಇರುವ ನನ್ನ ತೊಟ್ಟಿಗೆ ವಾರದ ನೀರು ಬದಲಾವಣೆಯೇ ಬಹುತೇಕ ಸಾಕು. ಆದರೂ ಆ ನೇರಿಳೆ ಪಾಚಿಯು ಕಲ್ಲಿನಿಂದ ಕಲ್ಲಿಗೆ ಹಬ್ಬತೊಡಗಿದ ಮೇಲೆ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿದ್ದೇನೆ.

ಇನ್ನು ಬೇಸಗೆ. ಹವಳಕ್ಕೆ 25ರಿಂದ 27 ಡಿಗ್ರಿ ಹಿತವಾದ ಉಷ್ಣಮಾನ. ಅರಸೀಕೆರೆಯ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಹತ್ತು ಡಿಗ್ರಿ ಮೇಲೇರುತ್ತದೆ. ಸಣ್ಣ ತೊಟ್ಟಿಯ ನೀರು ಬೇಗ ಕಾಯುತ್ತದೆ. ಇಲ್ಲಿ ನಮ್ಮ ಊರಿನ ಶುಷ್ಕ ವಾಯುವೇ ನೆರವಾಗುವುದೆಂಬುದು ನನಗೆ ಬಹು ಸಂತೋಷ ಕೊಟ್ಟ ಸಂಗತಿ. ತೊಟ್ಟಿಯ ಮೇಲೆ ಒಂದು ಪುಟ್ಟ ಫ್ಯಾನನ್ನು ಓರೆಯಾಗಿ ಹಚ್ಚಿದರೆ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗಿ ಉಷ್ಣಮಾನ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಡಲ ಪಕ್ಕದಲ್ಲಿಯೇ ಇರುವ ಮಂಗಳೂರಿನಲ್ಲಿ, ಗಾಳಿಯೇ ತೇವದಿಂದ ತುಂಬಿರುವುದರಿಂದ, ಈ ಉಪಾಯ ಇಷ್ಟು ಫಲಿಸದು. ಅಲ್ಲಿಯ ಹವ್ಯಾಸಿಗೆ ನೀರು ತಣಿಸುವ ಯಂತ್ರವೇ ಬೇಕಾದೀತು. ಆದರೆ ಆವಿಯೊಡನೆ ಉಪ್ಪು ಹೋಗುವುದಿಲ್ಲ. ನೀರು ತಗ್ಗಿದಷ್ಟೂ ಲವಣಾಂಶ ಏರುತ್ತದೆ. ಆದುದರಿಂದ ಬೆಳಿಗ್ಗೆ ಸಂಜೆ ಗಾಜಿನ ಮೇಲಿನ ಗೆರೆಯನ್ನು ನೋಡಿ ಸಿಹಿನೀರನ್ನು ತುಂಬಿಸುತ್ತಿರಬೇಕು. ನೆರೆಯ ಹಿರಿಯರು ಹೇಳಿದ ಇಮ್ಮಡಿ ಖರ್ಚು ಇದೇ. ಹಳೆಯ ಕಾಲದಲ್ಲಿ ನಮ್ಮ ಊರುಗಳ ಕೆರೆಗಳಿಗೆ ನೀರುಗಂಟಿಯೊಬ್ಬನಿದ್ದು, ತೂಬಿನಲ್ಲಿ ಎಷ್ಟು ಬಿಡಬೇಕು, ಕೋಡಿ ಯಾವಾಗ ಬೀಳುವುದು, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ ಎಂಬುದನ್ನು ದಿನವೂ ನಡೆದು ನೋಡುತ್ತಿದ್ದಂತೆ, ಈ ತೊಟ್ಟಿಯ ಒಡೆಯನೂ ಮಾಡಬೇಕಾದ ಕೆಲಸ ಮುಖ್ಯವಾಗಿ ನೋಡುವುದೇ. ವಿದ್ಯುತ್ತು ಹೋದಾಗ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ತಾನಾಗಿ ಚಾಲೂ ಆಗುವಂತೆ ಜೋಡಿಸಿದ್ದೇನೆ. ತಾಲ್ಲೂಕು ಕೇಂದ್ರಗಳಲ್ಲಿ ಇದು ದೀಪಕ್ಕಿಂತಲೂ ಅವಶ್ಯಕವಾದ ಉಪಕರಣ.

ಮೀನುಗಳ ವಿಷಯದಲ್ಲಿ ನನ್ನ ಆಸೆ ಒಂದು ಜೋಡಿ ಕ್ಲೌನ್ ಮೀನಿಗೆ ನಿಂತಿದೆ. 70 ಲೀಟರಿಗೆ ಅದೇ ಧಾರಾಳ. ಇವನ್ನು ಬಂಧನದಲ್ಲಿ ಸಂತಾನವೃದ್ಧಿಗೊಳಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ರೂಢಿಸಿರುವುದರಿಂದ, ಕಡಲಿನ ಕ್ಲೌನ್ ಮೀನನ್ನು ಹಿಡಿದು ತರುವುದಕ್ಕೆ ಇಂದು ಯಾವ ಸಮರ್ಥನೆಯೂ ಉಳಿದಿಲ್ಲ. ಅವೆಲ್ಲ ಹುಟ್ಟುವಾಗ ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಬೆಂಗಳೂರಿನಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರೈಲಿನ ಮೇಲೆ ಅವು ಬಂದವು. ಜಂಕ್ಷನ್ ಊರಿನಲ್ಲಿರುವ ಅನುಕೂಲಗಳಲ್ಲಿ ಇದೂ ಒಂದು. ಇಲ್ಲಿಂದಲೇ ಇನ್ನೊಂದು ಹಳಿ ಹಾಸನ, ಸಕಲೇಶಪುರಗಳ ಮೇಲೆ ಐವತ್ತೇಳು ಸುರಂಗಗಳನ್ನು ಹಾದು ಘಟ್ಟವಿಳಿದು ಮಂಗಳೂರಿನ ಕಡಲಿಗೆ ಹೋಗುತ್ತದೆ. ಕಡಲಿನಲ್ಲಿ ಈ ಮೀನುಗಳಿಗೆ ಮನೆಯಾಗುವ ಅನಿಮೋನೆ ಇಲ್ಲದ ನನ್ನ ತೊಟ್ಟಿಯಲ್ಲಿ ಈ ಜೋಡಿ ಚರ್ಮಹವಳವೆಂದು ಕರೆಯುವ ಮೃದುಹವಳದ ಮಡಿಕೆಯೊಳಗೆ ವಾಸ ಹೂಡಿವೆ.

ಆ ಹವಳವು ಪ್ರಾಣಿಯಾದರೂ ತನ್ನ ಅಂಗಾಂಶದೊಳಗೆ ಸೂಕ್ಷ್ಮವಾದ ಪಾಚಿಗಳಿಗೆ ಆಶ್ರಯಕೊಟ್ಟು ಇರಿಸಿಕೊಂಡಿದೆ. ಪಾಚಿಯು ಬೆಳಕಿನಿಂದ ತಯಾರಿಸಿದ ಆಹಾರದ ಬಹುಭಾಗ ಹವಳಕ್ಕೆ ಸಲ್ಲುತ್ತದೆ. ಬಣ್ಣವೂ ಬಹುಮಟ್ಟಿಗೆ ಅದರದೇ. ಕಡಲಿನ ನೀರು ಅಲ್ಲಿಯ ಬೇಸಗೆಯ ಗರಿಷ್ಠ ಉಷ್ಣಮಾನಕ್ಕಿಂತ ಒಂದು ಡಿಗ್ರಿ ಮೇಲೇರಿ ಕೆಲವು ವಾರ ಅಲ್ಲಿಯೇ ನಿಂತರೆ ಈ ಸಹಬಾಳ್ವೆ ಮುರಿದು, ಪಾಚಿಯನ್ನು ಕಳೆದುಕೊಂಡ ಹವಳ ಬಿಳಿಚಿ, ಹಸಿದು, ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ವಿಜ್ಞಾನಿಗಳು ಆ ದ್ವೀಪಗಳಲ್ಲಿ ಎರಡು ದಶಕಗಳಿಗೂ ಮೀರಿ ನಡೆಸಿದ ಅಧ್ಯಯನದಲ್ಲಿ ಜೀವಂತ ಹವಳದ ವಿಸ್ತಾರವು ಸುಮಾರು ಅರ್ಧಕ್ಕೆ ಇಳಿದುದು ಕಂಡುಬಂದಿದೆ. ಸಮುದ್ರವಿಲ್ಲದ ಮೈಸೂರಿನಿಂದ ಹೋಗಿ ಹವಳದ ಆಯುಷ್ಯವನ್ನು ವರ್ಷವರ್ಷವೂ ಅಳೆದು ಬರೆದಿಟ್ಟ ಆ ಶ್ರದ್ಧೆಯನ್ನು ಕನ್ನಡಿಗರು ಹೆಚ್ಚಾಗಿ ಅರಿಯರು. ನಮ್ಮ ರಾಜ್ಯದ ಕಡಲಿನಲ್ಲಿಯೂ, ಮುರುಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತ, ಹವಳವಿದೆ. ಅಲ್ಲಿಗೆ ಮುಳುಗುವುದಕ್ಕೆ ಹೋಗುವ ತರುಣರು ಅದನ್ನು ಕಾಲಿನಿಂದಲೂ ಸೋಕಿಸದೆ ನೋಡಿಬರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮನೆಯ ತೊಟ್ಟಿ ಯಾವ ದಿಬ್ಬವನ್ನೂ ಉಳಿಸಲಾರದು. ಆದರೆ ಏಪ್ರಿಲಿನ ಒಂದು ಮಧ್ಯಾಹ್ನ ಫ್ಯಾನು ನಿಂತು, ನೀರು 30 ಡಿಗ್ರಿಯನ್ನು ಮುಟ್ಟಿ, ಚರ್ಮಹವಳವು ಬೆರಳುಗಳನ್ನೆಲ್ಲ ಒಳಸೆಳೆದುಕೊಂಡದ್ದನ್ನು ಕಂಡ ಮಕ್ಕಳಿಗೆ, ಪತ್ರಿಕೆಯಲ್ಲಿ ಓದಿದ ಒಂದು ಡಿಗ್ರಿಯ ಅರ್ಥ ಏನೆಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ನೆರೆಯ ಹಿರಿಯರು ಈಗ ಸಂಜೆಯ ಹೊತ್ತು ಬಂದು ಕೂರುತ್ತಾರೆ. ಅವರ ಮೊಮ್ಮಗಳು ಸಿಹಿನೀರು ತುಂಬಿಸುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾಳೆ. ಚರ್ಮಹವಳವು ತೊಟ್ಟಿಯ ಅಳತೆಗೆ ಮೀರಿ ಬೆಳೆಯುತ್ತಿರುವುದರಿಂದ ಅದರ ಅಂಚನ್ನು ಹರಿತವಾದ ಅಲಗಿನಿಂದ ಕತ್ತರಿಸಿ, ತುಂಡನ್ನು ಕಲ್ಲುಚೂರಿಗೆ ದಾರದಿಂದ ಸಡಿಲವಾಗಿ ಕಟ್ಟಿ ಬೇರೆಯಾಗಿಟ್ಟಿದ್ದೇನೆ; ಎರಡು ವಾರಗಳಲ್ಲಿ ಅದು ಕಲ್ಲನ್ನು ತಾನೇ ಹಿಡಿದುಕೊಳ್ಳುತ್ತದೆ. ಅದು ಬೇಲೂರಿನ ಮಿತ್ರರೊಬ್ಬರಿಗೆ. ಅವರೂ ಬಹುಕಾಲದ ಹಿಂದೆ ಬಿಟ್ಟಿದ್ದ ಹವ್ಯಾಸಕ್ಕೆ ಮರಳುತ್ತಿದ್ದಾರೆ. ನನ್ನದಕ್ಕಿಂತಲೂ ಸಣ್ಣದಾದ ತೊಟ್ಟಿಯನ್ನು ಕಿಟಕಿಯಿಂದ ದೂರದ ಗೋಡೆಗೆ ಹೂಡಿದ್ದಾರೆ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದುಬರುವ ಯಗಚಿಯ ದಡದ ಆ ಊರಿನಲ್ಲಿ ಬೇಸಗೆ ನಮ್ಮಷ್ಟು ಉಗ್ರವಲ್ಲ. ಮಳೆಗಾಲದ ತಂಪಿಗೆ ಮಾತ್ರ ನೀರು ಕಾಯಿಸುವ ಸಣ್ಣ ಕೋಲೊಂದು ಬೇಕಾದೀತು. ಮೊನ್ನೆ ಅವರ ಪತ್ರ ಬಂದಿತು: ಅಮೋನಿಯ ಇಳಿದಿದೆ, ನೈಟ್ರೈಟು ಇನ್ನೂ ಇಳಿದಿಲ್ಲ. ಅದು ಸೊನ್ನೆಗೆ ಬಂದು, ಒಂದು ವಾರ ಅಲ್ಲಿಯೇ ನಿಂತ ಮೇಲೆ ತಿಳಿಸಿರೆಂದು ಉತ್ತರ ಬರೆದಿದ್ದೇನೆ.